ಅಮ್ಮ ಬೈಕು ಬೀಳಿಸಿದ ಬೇಸಗೆ

ಆ ದಿನಗಳಲ್ಲಿ ಐವರ್ನಾಡಿನ ನಮ್ಮ ಬದಿಯಲ್ಲಿ ಸುದ್ದಿ ಹರಡಲು ಫೋನು ಬೇಕಿರಲಿಲ್ಲ, ಹಾಲಿನ ಸೊಸೈಟಿ ಇತ್ತು. ಬೆಳಗ್ಗೆ ಕ್ಯಾನ್ ತುಂಬ ಹಾಲು ಕೊಂಡುಹೋದವರು ಖಾಲಿ ಕ್ಯಾನಿನಲ್ಲಿ ಊರಿನ ವರ್ತಮಾನ ತುಂಬಿಕೊಂಡು ಬರುತ್ತಿದ್ದರು. ಯಾರ ದನ ಕರು ಹಾಕಿತು, ಯಾರ ಮಗಳನ್ನು ನೋಡಲು ಕಡಬದಿಂದ ಗಂಡಿನವರು ಬಂದಿದ್ದರು, ಯಾರ ಹಾಲು ಇದ್ದಕ್ಕಿದ್ದಂತೆ ತೆಳ್ಳಗಾಗಿದೆ, ಎಲ್ಲವೂ ಕಾಫಿ ಆರುವ ಮೊದಲು ಮನೆಮನೆಗೆ ಮುಟ್ಟುತ್ತಿತ್ತು. ನಾನು ಏಳನೆಯ ತರಗತಿಗೆ ಹೋಗಲಿದ್ದ ಬೇಸಗೆಯಲ್ಲಿ ಆ ಸೊಸೈಟಿಯ ಸುದ್ದಿ ನನ್ನ ಅಮ್ಮನೇ ಆಗಿದ್ದಳು.

ರಜೆ ಶುರುವಾಗಿತ್ತು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ಅಜ್ಜಿ ಜಗಲಿಯ ತುದಿಯಲ್ಲಿ ಕುಳಿತು ಉದ್ದದ ಕೋಲಿನಿಂದ ಕಾಗೆಗಳನ್ನೂ ನನ್ನನ್ನೂ ಓಡಿಸುತ್ತಿದ್ದರು. ಅಂಚು ಗರಿಗರಿಯಾಗಿ ನಡು ಇನ್ನೂ ಮೆತ್ತಗಿರುವ ಅರೆ ಒಣಗಿದ ಹಪ್ಪಳಕ್ಕೆ ಸಮನಾದ ತಿಂಡಿಯನ್ನು ನಾನು ಆಮೇಲೆ ಎಲ್ಲಿಯೂ ತಿಂದಿಲ್ಲ. ಗೇರುಬೀಜಗಳನ್ನು ಸಾಲಾಗಿ ಇಟ್ಟು ದೂರದಿಂದ ಹೊಡೆಯುವ ಆಟ ಆಡಿ, ಸೊನೆ ತಾಗಿದ ಬೆರಳಿನ ಚರ್ಮ ಸುಲಿದು, ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಳ್ಳುವುದು ಆ ದಿನಗಳ ನನ್ನ ದೊಡ್ಡ ಗುಟ್ಟಾಗಿತ್ತು.

ಆ ಹಪ್ಪಳಕ್ಕೆ ಹಲಸಿನಕಾಯಿ ಕೀಳಲು ಹೋಗಿಯೇ ಅಪ್ಪ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡದ್ದು. ನೋಡಲು ಬಂದವರೆಲ್ಲ ಪ್ಲಾಸ್ಟರಿನ ಮೇಲೊಮ್ಮೆ ಕೈಯಾಡಿಸಿ, ಗೋಡೆಗೆ ಒರಗಿಸಿಟ್ಟಿದ್ದ ಏಣಿಯ ಹತ್ತಿರ ಹೋಗಿ, ಅದನ್ನು ಅಪರಾಧಿಯನ್ನು ನೋಡುವಂತೆ ನೋಡುತ್ತಿದ್ದರು. "ಏಣಿ ಹಳತಾಗಿತ್ತು ಮಾರಾಯ್ರೆ" ಎನ್ನುತ್ತಿದ್ದರು. ಇಳಿಜಾರಿನಲ್ಲಿ ಯಾಕೆ ಏಣಿ ಇಟ್ಟದ್ದು ಎಂದು ಅಪ್ಪನನ್ನು ಒಬ್ಬರೂ ಕೇಳಲಿಲ್ಲ.

ದನದ ಹಟ್ಟಿಯಲ್ಲಿ ಹಾಲು ಕೊಡುವ ಎರಡು ದನಗಳಿದ್ದವು. ಮೊದಲ ಬಸ್ಸು ಬರುವ ಹೊತ್ತಿಗೆ ಸೊಸೈಟಿಯ ಬಾಗಿಲು ಹಾಕಿರುತ್ತಿತ್ತು. ಹಾಲನ್ನು ದಿನವೂ ಅಪ್ಪನೇ ಬೈಕಿನಲ್ಲಿ ಕೊಂಡುಹೋಗುತ್ತಿದ್ದದ್ದು. ಇನ್ನು ಹೇಗೆ ಎಂದು ಎಲ್ಲರೂ ಯೋಚಿಸುತ್ತಿರುವಾಗ ಅಮ್ಮ ಒಳಗಿನಿಂದಲೇ ಹೇಳಿದಳು, "ಬೈಕ್ ಉಂಟಲ್ಲ."

ಅಮ್ಮನ ತವರು ರಾಮಕುಂಜದ ಹತ್ತಿರ. ಮದುವೆಗೆ ಮೊದಲೇ ಅವಳ ಅಣ್ಣ, ನನ್ನ ಮಾವ, ಅವಳಿಗೆ ಶಾಲೆಯ ಮೈದಾನದಲ್ಲಿ ಬೈಕು ಕಲಿಸಿದ್ದರು. ಲೈಸನ್ಸೂ ಇತ್ತು, ಅದರ ಫೋಟೋದಲ್ಲಿ ಅವಳಿಗೆ ಎರಡು ಜಡೆ.

"ಅದೆಲ್ಲ ತವರಲ್ಲಿ ಆಯ್ತು" ಎಂದರು ಅಜ್ಜಿ.

"ಕಲ್ತದ್ದನ್ನು ತವರಲ್ಲೇ ಬಿಟ್ಟು ಬರ್ಲಿಕ್ಕೆ ಆಗ್ತದಾ ಅತ್ತೆ?"

ಮರುದಿನ ಚೂಡಿದಾರದ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು ಅಮ್ಮ ಹೊರಟಳು. ಕ್ಯಾನು ಬೈಕಿನ ಎಡಗಡೆಯ ಕಬ್ಬಿಣದ ಕೊಕ್ಕೆಯಲ್ಲಿ. ಹಿಂದಿನ ಸೀಟಿನಲ್ಲಿ ಕುಳಿತು ಅದರ ಮುಚ್ಚಳವನ್ನು ಒತ್ತಿ ಹಿಡಿಯುವುದು ನನ್ನ ಕೆಲಸ. ದಾರಿಯುದ್ದಕ್ಕೂ ಬಿದ್ದು ಕೊಳೆತ ಗೇರುಹಣ್ಣಿನ ಹುಳಿ, ರಬ್ಬರ್ ಶೀಟಿನ ಹೊಗೆ, ಕೈಯ ಅಡಿಯಲ್ಲಿ ಇನ್ನೂ ಬಿಸಿಯಿದ್ದ ಹಾಲು, ಅಮ್ಮನ ಬೆನ್ನಿನ ಅಂಗಿಯಲ್ಲಿ ಪೆಟ್ರೋಲು. ಇಷ್ಟೂ ವಾಸನೆಗಳನ್ನು ನಾನು ಇಂದಿಗೂ ಒಂದೇ ವಾಸನೆಯಾಗಿ ನೆನಪಿಟ್ಟುಕೊಂಡಿದ್ದೇನೆ.

ಕೆಲವು ದಿನ ಏನೂ ಆಗಲಿಲ್ಲ. ಅಮ್ಮ ಹೋಗುವಾಗ ಜನ ನೋಡುತ್ತಿದ್ದರು, ಅಮ್ಮ ರಸ್ತೆಯನ್ನು ನೋಡುತ್ತಿದ್ದಳು.

ಬಿದ್ದ ದಿನ ನಾವು ಸೊಸೈಟಿಯ ಎದುರಿನ ಸಣ್ಣ ಇಳಿಜಾರಿಗೆ ಬಂದಾಗ ಅಲ್ಲಿ ಏಳೆಂಟು ಬೈಕು ನಿಂತಿದ್ದವು. ಯಾರದೋ ಕ್ಯಾನಿನ ಮುಚ್ಚಳ ಸಡಿಲಾಗಿ ಹಾಲು ಹೊರಚೆಲ್ಲಿ, ಸಪೂರ ಗೆರೆಯಾಗಿ ರಸ್ತೆಯ ಬದಿಗೆ ಹರಿದಿತ್ತು. ಅಮ್ಮ ನಿಧಾನ ಮಾಡಿದಳು. ಬೈಕು ಇನ್ನೇನು ನಿಲ್ಲಬೇಕು, ಅವಳ ಎಡಗಾಲು ಕೆಳಗಿಳಿಯಿತು. ನಾನು ಹಿಂದಿನಿಂದ ಬಗ್ಗಿ ಕ್ಯಾನು ನೋಡುತ್ತಿದ್ದವಳು, ಆ ಕಾಲು ನನ್ನ ಕಣ್ಣಿನ ಎದುರಿಗೇ ಇತ್ತು. ಚಪ್ಪಲಿಯ ತುದಿ ಇನ್ನೇನು ನೆಲಕ್ಕೆ ತಾಗಬೇಕೆನ್ನುವಾಗ ಅಡಿಯಲ್ಲಿ ಬಿಳಿಯ ಗೆರೆ ಕಂಡಿತು. ಕಾಲು ಹಿಂದೆ ಸರಿಯಿತು.

ನಮ್ಮ ಮನೆಯಲ್ಲಿ ಹಾಲನ್ನು ಮೆಟ್ಟುವ ಕ್ರಮ ಇರಲಿಲ್ಲ. ಕರೆಯುವಾಗ ಒಂದು ಹನಿ ನೆಲಕ್ಕೆ ಬಿದ್ದರೂ ಅಜ್ಜಿ ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕಾಲಿಗೆ ಪುಸ್ತಕ ತಾಗಿದರೆ ಕೈ ತಾನಾಗಿ ಹಣೆಗೆ ಹೋಗುತ್ತದಲ್ಲ, ಹಾಗೆಯೇ ಅಮ್ಮನ ಕಾಲು ತಾನಾಗಿ ಹಿಂದೆ ಹೋಯಿತು. ಆದರೆ ವೇಗವೂ ಇಲ್ಲದ, ಊರಿದ ಕಾಲೂ ಇಲ್ಲದ ಬೈಕು ಯಾರ ಕ್ರಮಕ್ಕೂ ಕಾಯುವುದಿಲ್ಲ. ಮೊಣಕಾಲು ಮಡಚಿ ಮಲಗುವ ದನದ ಹಾಗೆ ಅದು ನಿಧಾನವಾಗಿ ಎಡಕ್ಕೆ ಮಲಗಿತು. ಎಷ್ಟು ನಿಧಾನವೆಂದರೆ ನಾನು ಹಾರಿ ನಿಂತುಕೊಂಡಿದ್ದೆ, ಅಮ್ಮನೂ ಕಾಲು ಎಳೆದುಕೊಂಡು ಹೊರಬಂದಿದ್ದಳು. ಕ್ಯಾನಿನ ಮುಚ್ಚಳ ಉರುಳಿಹೋಗಿ ನಮ್ಮ ಹಾಲು ಆ ಹಾಲಿನೊಂದಿಗೆ ಸೇರಿ ಇಳಿಜಾರಿನಲ್ಲಿ ಹೋಯಿತು.

"ಓಯ್ ಓಯ್ ಓಯ್!" ಮೋನಪ್ಪಣ್ಣ ಎಲ್ಲರಿಗಿಂತ ಮುಂದೆ ಓಡಿಬಂದರು. ನಮ್ಮ ತೋಟದ ಆಚೆಯವರು, ಯಾರ ಕೆಲಸಕ್ಕೂ ಕೈಜೋಡಿಸುವವರು. "ಪೆಟ್ಟಾಯ್ತಾ ಅಕ್ಕಾ? ನೀವು ಅತ್ಲಾಗಿ ನಿಲ್ಲಿ, ನಾವು ಮಾಡ್ತೇವೆ."

ಅಮ್ಮ ಹ್ಯಾಂಡಲಿಗೆ ಕೈ ಹಾಕಿದ್ದಳು. ಯಾರದೋ ತೋಳು ಬಂದು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಅವಳನ್ನು ಬದಿಗೆ ಸರಿಸಿತು. ನಾಲ್ಕು ಜನ ಸೇರಿ ಬೈಕನ್ನು ಎತ್ತಿದರು. ಒಬ್ಬರು ಕಿಕ್ ಹೊಡೆದು ನೋಡಿದರು, ಇನ್ನೊಬ್ಬರು ಆಕ್ಸಿಲರೇಟರ್ ತಿರುಗಿಸಿ ನೋಡಿದರು, ಮತ್ತೊಬ್ಬರೂ ತಿರುಗಿಸಿ ನೋಡಿದರು.

"ಕಾಲು ಎಟುಕ್ಲಿಲ್ಲ, ಅಷ್ಟೇ. ನಾನು ಮೊನ್ನೆಯೇ ಗ್ರಹಿಸಿದ್ದೆ."

"ಹೆಂಗಸರಿಗೆ ಸ್ಕೂಟಿ ಸಾಕು ಮಾರಾಯ್ರೆ. ಇದರ ಭಾರ ಎಷ್ಟುಂಟು! ಬಿದ್ರೆ ಎತ್ಲಿಕ್ಕಾದ್ರೂ ಆಗ್ಬೇಕಲ್ಲ."

ಸೊಸೈಟಿಯಲ್ಲಿ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನ ಅಂಶ, ಪರೀಕ್ಷೆ ಮಾಡುವ ಯಶೋದಕ್ಕ ಕಿಟಕಿಯಿಂದ ತಲೆ ಹೊರಹಾಕಿದರು. "ಇವತ್ತು ರಸ್ತೆಯ ಫ್ಯಾಟ್ ಒಳ್ಳೆ ಬರ್ತದೆ ನೋಡಿ!"

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ, ಅಳಲೂ ಇಲ್ಲ. ನನಗೆ ತಡೆಯಲಾಗಲಿಲ್ಲ. "ಎಟುಕ್ತದೆ! ಅಮ್ಮ ಕಾಲು ಊರಿದ್ರೆ..." ಎಂದು ಶುರು ಮಾಡಿದೆ. ಅಮ್ಮ ನನ್ನ ಕಡೆ ನೋಡಿದಳು. ಮಾತು ಅಲ್ಲಿಗೇ ನಿಂತಿತು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ, ಮಾವಿನ ಮರದ ನೆರಳಿನಲ್ಲಿ ಅವಳೇ ಬೈಕು ನಿಲ್ಲಿಸಿದಳು.

"ಯಾಕೆ ಹೇಳ್ಲಿಕ್ಕೆ ಬಿಡ್ಲಿಲ್ಲ? ಹಾಲು ಮೆಟ್ಬಾರ್ದು ಅಂತ ನೀನು ಕಾಲು ತೆಗ್ದದ್ದು. ನಾನು ನೋಡಿದ್ದೇನೆ."

"ಹೇಳಿದ್ರೆ ಎಂತಾಗ್ತದೆ ಪುಟ್ಟಿ?"

"ಅವರಿಗೆ ಗೊತ್ತಾಗ್ತದೆ."

"ಇವತ್ತು ಹಾಲು ಅಂತ ಹೇಳುವ. ನಾಳೆ ಹಾಲಿಲ್ಲದೆ ಬಿದ್ರೆ ಎಂತ ಹೇಳುದು?" ಅವಳು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. "ನಿನ್ನ ಅಪ್ಪ ಬಿದ್ದಾಗ ಯಾರಿಗಾದ್ರೂ ಕಾರಣ ಕೊಟ್ರಾ? ಏಣಿ ಅವರ ಪರವಾಗಿ ಉತ್ತರ ಕೊಟ್ಟಿತು. ನನಗೆ ಏಣಿಯೂ ಬೇಡ, ಹಾಲೂ ಬೇಡ. ಬಿದ್ದೆ. ಬಿದ್ದದ್ದು ಬಿದ್ದದ್ದೇ."

ಆಮೇಲೆ ಕ್ಲಚ್ಚಿನ ಲಿವರನ್ನು ನೋಡಿದಳು. ನೆಲಕ್ಕೆ ಹೊಡೆದು ಅದು ಹಿಡಿಯ ಕಡೆಗೆ ಬಾಗಿತ್ತು. ಅಮ್ಮನ ಬೆರಳುಗಳು ಗಿಡ್ಡ, ಇಷ್ಟು ದಿನ ಅದನ್ನು ಹಿಡಿಯಲು ಅವಳು ಅಂಗೈಯನ್ನೇ ಮುಂದೆ ಜಾರಿಸಬೇಕಾಗುತ್ತಿತ್ತು. ಒತ್ತಿ ನೋಡಿದಳು, ಬಿಟ್ಟಳು, ಮತ್ತೆ ಒತ್ತಿದಳು. "ಇದೊಂದು ಒಳ್ಳೇದಾಯ್ತು" ಎಂದಳು.

ಮನೆಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಜಗಲಿಯಲ್ಲಿ ದೊಡ್ಡಪ್ಪ ಕುಳಿತಿದ್ದರು. ಅಪ್ಪನ ಅಣ್ಣ, ಪಕ್ಕದಲ್ಲೇ ಬೇರೆ ಮನೆ, ಸೊಸೈಟಿಯ ಆಡಳಿತ ಮಂಡಳಿಯಲ್ಲಿ ಒಬ್ಬರು. ಗಟ್ಟಿಯಾಗಿ ಮಾತಾಡುವ ಜನವಲ್ಲ.

"ಸುಮನಾ, ನಾಳೆಯಿಂದ ಬೇಡ. ಹಾಲು ನಾನು ಜೀಪಿನಲ್ಲಿ ಕೊಂಡುಹೋಗ್ತೇನೆ. ನಾಲ್ಕು ಜನರ ಎದುರು ಬೀಳುದು, ಅವರು ಬಂದು ಎತ್ತುದು, ಇದೆಲ್ಲ ನಮ್ಮ ಮನೆಗೆ ಚೆಂದ ಅಲ್ಲ." ಅವರು ಕೈ ಚಾಚಿದರು. ಅಮ್ಮ ಬೈಕಿನ ಕೀ ಕೊಟ್ಟಳು. ಅಪ್ಪ ಪ್ಲಾಸ್ಟರಿನ ಒಳಗೆ ಎಲ್ಲೋ ತುರಿಸುತ್ತಿದೆ ಎಂಬಂತೆ ಅದನ್ನೇ ನೋಡುತ್ತಿದ್ದರು.

ಅಜ್ಜಿ ಹಪ್ಪಳದ ಕೋಲು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. "ಹಾಲು ಮೆಟ್ಟಿದೆಯಾ?"

"ಇಲ್ಲ ಅತ್ತೆ."

ಅಜ್ಜಿ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ ಪುನರ್ಪುಳಿಯ ಪಾನಕ ಮಾಡಿ ತಂದುಕೊಟ್ಟರು.

ಕೀ ಹೋದರೂ ಬೈಕು ನಮ್ಮ ಹಟ್ಟಿಯ ಹಿಂದೆಯೇ ಇತ್ತು. ದೊಡ್ಡಪ್ಪ ಮಧ್ಯಾಹ್ನ ಊಟ ಮಾಡಿ ಮಲಗುವ ಹೊತ್ತಿಗೆ ಅಮ್ಮ ನನ್ನನ್ನು ಕರೆದಳು. ದನಗಳ ಕಾಲಡಿಗೆ ಹಾಸಲು ಗುಡಿಸಿ ತಂದ ಒಣ ಎಲೆಯ ದೊಡ್ಡ ರಾಶಿ ಅಲ್ಲಿ ಇತ್ತು. ಅಮ್ಮ ಬೈಕನ್ನು ತಳ್ಳಿಕೊಂಡು ಹೋಗಿ ಆ ರಾಶಿಯ ಮೇಲೆ ಬೇಕೆಂದೇ ಮಲಗಿಸಿದಳು. ಬೀಳದಂತೆ ಹಿಡಿಯುವ ವಸ್ತುವನ್ನು ಹೀಗೆ ಕೈಯಾರೆ ಮಲಗಿಸಬಹುದು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

"ನೀನು ಆಚೆ ಬದಿಗೆ ಹೋಗಿ ಮುಂದಿನ ಬ್ರೇಕ್ ಹಿಡಿ. ನಾನು ಹೇಳುವವರೆಗೆ ಬಿಡ್ಬೇಡ."

ಮೊದಲ ದಿನ ಅದು ಅಲ್ಲಾಡಲಿಲ್ಲ. ಮುಂದಿನಿಂದ ಬಗ್ಗಿ ಎಳೆದು ಅವಳ ಸೊಂಟ ಹಿಡಿದುಕೊಂಡಿತು. ಮರುದಿನ, ಹುಲ್ಲಿನ ಹೊರೆಯನ್ನು ದರೆಯ ಮಣ್ಣಿನ ಗೋಡೆಗೆ ಒರಗಿಸಿ ಬೆನ್ನಿನಿಂದ ಮೇಲೆ ನೂಕುವ ಹಾಗೆ, ಅವಳು ಬೈಕಿಗೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕುಳಿತಳು. ಸೀಟಿನ ಅಂಚು ಸೊಂಟಕ್ಕೆ, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಕೈ ಹಿಂದಿನ ಕಂಬಿಗೆ. ಹಿಮ್ಮಡಿ ಒತ್ತಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟಳು. ಬೈಕು ಎಲೆಗಳನ್ನು ಉದುರಿಸುತ್ತಾ ಎದ್ದು ನಿಂತಿತು. ನಾನು ಚಪ್ಪಾಳೆ ಹೊಡೆಯಲು ಬ್ರೇಕ್ ಬಿಟ್ಟೆ. ಅದು ಉರುಳಿ ಹೋಗಿ ಮತ್ತೆ ಎಲೆಯ ರಾಶಿಗೆ ಬಿತ್ತು.

"ಬಿಡ್ಬೇಡ ಅಂತ ಹೇಳಿದ್ದು ಎಂತಕ್ಕೆ?" ಎಂದು ಗದರಿದವಳು, ತಾನೇ ನಗತೊಡಗಿದಳು. "ಆಯ್ತು, ಇನ್ನೊಮ್ಮೆ."

ಅಜ್ಜಿ ಕೋಲು ಹಿಡಿದುಕೊಂಡು ಹಟ್ಟಿಯ ಮೂಲೆಯಲ್ಲಿ ನಿಂತಿದ್ದರು. "ಎಂತ ಮಾಡ್ತಿದ್ದೀರಿ ನೀವು ಇಬ್ಬರು?"

"ಬೈಕಿಗೆ ಮಲಗಿ ಏಳ್ಲಿಕ್ಕೆ ಕಲಿಸ್ತಾ ಇದ್ದೇವೆ ಅತ್ತೆ."

"ಹೂಂ. ಮೆಲ್ಲ. ಅತ್ಲಾಗಿ ಒಬ್ಬ ಮಲಗಿದ್ದಾನೆ, ಅವನನ್ನು ಏಳಿಸ್ಬೇಡಿ" ಎಂದು ದೊಡ್ಡಪ್ಪನ ಮನೆಯ ಕಡೆ ಕೋಲು ತೋರಿಸಿ ಅಜ್ಜಿ ಹಪ್ಪಳಕ್ಕೆ ಮರಳಿದರು.

ಒಂದು ಬೆಳಗ್ಗೆ ಹಾಲು ಜಗಲಿಯಲ್ಲೇ ಉಳಿಯಿತು. ಜೀಪು ಗ್ಯಾರೇಜಿನಲ್ಲಿತ್ತು. ಸೊಸೈಟಿಯಲ್ಲಿ ಮೀಟಿಂಗ್ ಇದ್ದದ್ದರಿಂದ ದೊಡ್ಡಪ್ಪ ಯಾರದೋ ಕಾರಿನಲ್ಲಿ ಬೇಗನೆ ಹೋಗಿದ್ದರು, ನಮ್ಮ ಹಾಲಿನ ನೆನಪೇ ಅವರಿಗೆ ಆಗಿರಲಿಲ್ಲ. ಸೊಸೈಟಿಯ ಬಾಗಿಲು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು. ಅಮ್ಮ ಕ್ಯಾನನ್ನು ನೋಡಿದಳು, ಬೈಕನ್ನು ನೋಡಿದಳು.

ಅಜ್ಜಿ ಸೊಂಟದ ಗೊಂಚಲಿನಿಂದ ಅಕ್ಕಿ ಪೆಟ್ಟಿಗೆಯ ಬೀಗದ ಕೀಯನ್ನು ಬಿಡಿಸಿ ಅಮ್ಮನ ಕೈಗೆ ಕೊಟ್ಟರು. ಆ ಬೈಕಿನ ಬೀಗ ಎಷ್ಟು ಸವೆದಿತ್ತೆಂದರೆ ತೆಳ್ಳಗಿನ ಯಾವ ಕೀ ಹಾಕಿದರೂ ತಿರುಗುತ್ತಿತ್ತು. ಅಪ್ಪನೂ ಕೀ ಕಾಣದಾಗ ಇದನ್ನೇ ಬೇಡಿ ಪಡೆಯುತ್ತಿದ್ದರು. ಈ ಗುಟ್ಟು ಮನೆಯಲ್ಲಿ ದೊಡ್ಡಪ್ಪನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಭಾವ ಎಂತ ಹೇಳ್ತಾರೋ..."

"ಅವ ಹೇಳುದನ್ನು ಹಾಲು ಕೊಟ್ಟು ಬಂದ ಮೇಲೆ ಕೇಳುವ" ಎಂದರು ಅಜ್ಜಿ.

ಅಂದು ಇಳಿಜಾರಿನಲ್ಲಿ ಹಾಲಿನ ಗೆರೆ ಇರಲಿಲ್ಲ. ಅಮ್ಮನ ಕಾಲು ನೆಲಕ್ಕೆ ಎಟುಕಿತು, ಊರಿತು, ನಿಂತಿತು. ಯಾರೂ ಅದನ್ನು ಗಮನಿಸಲಿಲ್ಲ. ಎಟುಕಿದ ಕಾಲನ್ನು ಯಾರು ಗಮನಿಸುತ್ತಾರೆ! ಹಾಲು ಅಳೆದಾಯಿತು. ದನಗಳಿಗೆ ಹಿಂಡಿಯ ಮೂಟೆ ಬೇಕಿತ್ತು. ಮೋನಪ್ಪಣ್ಣ ಅಮ್ಮ ಕೇಳುವ ಮೊದಲೇ ಅದನ್ನು ತಂದು, ಸೈಡ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಬೈಕಿನ ಸೀಟಿನ ಮೇಲೆ ದೊಪ್ಪನೆ ಇಟ್ಟರು. ದಿನವೂ ಕ್ಯಾನು ತೊಳೆದ ನೀರು ಬಿದ್ದು ಅಲ್ಲಿಯ ಮಣ್ಣು ಮೆತ್ತಗಾಗಿತ್ತು. ಸ್ಟ್ಯಾಂಡು ಬೆಣ್ಣೆಗೆ ಚಮಚ ಇಳಿದಂತೆ ಇಳಿಯಿತು. ಯಾರೂ ಕುಳಿತಿರದ ಬೈಕು, ಎಲ್ಲರೂ ನೋಡುತ್ತಿರುವಂತೆಯೇ, ಮಗ್ಗುಲು ಬದಲಿಸಿ ಬಿದ್ದುಬಿಟ್ಟಿತು.

"ಅಯ್ಯೋ ದೇವರೇ, ಪುನಃ ಬಿತ್ತು!" ಎಂದು ಯಾರೋ ಕೂಗಿದರು. ನಾಲ್ಕೈದು ಜನ ಓಡಿಬಂದರು. ಮೀಟಿಂಗಿನ ಕೋಣೆಯಿಂದ ದೊಡ್ಡಪ್ಪ ಬಾಗಿಲಿಗೆ ಬಂದರು.

"ಯಾರೂ ಮುಟ್ಬೇಡಿ" ಎಂದಳು ಅಮ್ಮ.

ಗಟ್ಟಿಯಾಗಿ ಹೇಳಲಿಲ್ಲ. ಆದರೂ ಮೋನಪ್ಪಣ್ಣ ಬಗ್ಗಿದವರು ಬಗ್ಗಿದ ಹಾಗೆಯೇ ನಿಂತರು.

ಅಮ್ಮ ಬಗ್ಗಿ ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿ ಬಂದ್ ಮಾಡಿದಳು. ಮೂಟೆಯನ್ನು ಎಳೆದು ಬದಿಗೆ ಹಾಕಿದಳು. ವೇಲನ್ನು ಸೊಂಟಕ್ಕೆ ಕಟ್ಟಿದಳು. "ಪುಟ್ಟಿ, ಬ್ರೇಕ್."

ನಾನು ಆಚೆ ಬದಿಗೆ ಹೋಗಿ ಎರಡೂ ಕೈಯಲ್ಲಿ ಬ್ರೇಕ್ ಹಿಡಿದೆ. ಅಮ್ಮ ಬೆನ್ನು ಹಾಕಿ ಕುಳಿತಳು. ಮೊದಲ ಸಲ ಕೆಸರಿನಲ್ಲಿ ಅವಳ ಹಿಮ್ಮಡಿ ಜಾರಿತು. ಯಾರೋ ಕಿಸಕ್ಕನೆ ನಕ್ಕರು. ನನಗೆ ಕಾಣುತ್ತಿದ್ದದ್ದು ಅವಳ ಕಿವಿ ಮಾತ್ರ, ಅದು ಕೆಂಪಾಗಿತ್ತು. ನಾಳೆಯಿಂದ ಈ ದಾರಿ ಇದೆಯೋ ಇಲ್ಲವೋ ಎಂಬುದು ಈ ಒಂದು ಏಳುವಿಕೆಯಲ್ಲಿದೆ ಎಂದು ನನಗೆ ಆಗಲೇ ತಿಳಿದಿತ್ತು. ಅವಳು ಚಪ್ಪಲಿ ಕಳಚಿ ಆಚೆ ಎಸೆದಳು. ಬರಿಗಾಲಿನ ಬೆರಳುಗಳನ್ನು ಮಣ್ಣಿಗೆ ಊರಿದಳು. ಬೈಕು ಒಂದು ಸಲ ಗೊಣಗಿ, ನಡುಗಿ, ಮೇಲೆದ್ದಿತು. ನಾನು ಚಪ್ಪಾಳೆ ಹೊಡೆಯಲಿಲ್ಲ. ಬ್ರೇಕನ್ನೂ ಬಿಡಲಿಲ್ಲ.

"ಮೋನಪ್ಪಣ್ಣಾ, ಬಗ್ಗಿದವರು ಇನ್ನು ನೆಟ್ಟಗೆ ನಿಲ್ಬಹುದು!" ಎಂದು ಯಶೋದಕ್ಕ ಕಿಟಕಿಯಿಂದ ಹೇಳಿದಾಗ ನಗು ಬೇರೆ ದಿಕ್ಕಿಗೆ ತಿರುಗಿತು. ಮೋನಪ್ಪಣ್ಣನೂ ನಕ್ಕರು.

ದೊಡ್ಡಪ್ಪ ಮೆಟ್ಟಿಲಿಳಿದು ಬಂದರು. ಬೈಕಿನಲ್ಲಿ ತೂಗುತ್ತಿದ್ದ ಕೀಯನ್ನು ಬೆರಳಿನಿಂದ ತಿರುಗಿಸಿ ನೋಡಿದರು. "ಇದು ಅಮ್ಮನ ಅಕ್ಕಿ ಪೆಟ್ಟಿಗೆಯದ್ದಲ್ವಾ?"

"ಹೌದು ಭಾವ."

ಅವರು ನೆಲದಲ್ಲಿದ್ದ ಸ್ಟ್ಯಾಂಡಿನ ಗುಳಿಯನ್ನು ಚಪ್ಪಲಿಯಿಂದ ಒತ್ತಿ ನೋಡಿದರು. "ಇಲ್ಲಿ ಮಣ್ಣು ಸರಿ ಇಲ್ಲ" ಎಂದರು.

ಅಪ್ಪನಿಗೆ ಏಣಿ ಸಿಕ್ಕಿದ ಹಾಗೆ ಅಮ್ಮನಿಗೂ ಕೊನೆಗೆ ಮಣ್ಣು ಸಿಕ್ಕಿತ್ತು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

"ಮಣ್ಣಿನದ್ದಲ್ಲ ಭಾವ. ನಾನು ನೋಡದೆ ನಿಲ್ಸಿದ್ದು" ಎಂದಳು. ಒಂದು ಚಪ್ಪಟೆ ಕಲ್ಲು ಹುಡುಕಿ ತಂದು ಸ್ಟ್ಯಾಂಡಿನ ಅಡಿಗೆ ಇಟ್ಟಳು. ಮೂಟೆಯನ್ನು ತಾನೇ ಎತ್ತಿ ಕಟ್ಟಿದಳು. ಆಮೇಲೆ ಚಪ್ಪಲಿ ಹುಡುಕಿಕೊಂಡಳು.

ದೊಡ್ಡಪ್ಪ ಬೈಕಿನ ಕೀಯನ್ನು ವಾಪಸು ಕೊಡಲೇ ಇಲ್ಲ. ಅಮ್ಮ ಕೇಳಲೂ ಇಲ್ಲ. ಅಪ್ಪನ ಕೈ ಸರಿಯಾಗಿ ಅವರು ಮೊದಲ ಸಲ ಬೈಕು ತೆಗೆದಾಗ, "ಈ ಕ್ಲಚ್ ಲಿವರ್ ಬದಲಿಸ್ಬೇಕು, ಹಿಡಿಗೆ ಅಂಟಿಕೊಂಡೇ ಉಂಟು, ನನ್ನ ಬೆರಳಿಗೆ ಜಾಗವೇ ಇಲ್ಲ" ಎಂದರು.

"ಬೇಡ" ಎಂದಳು ಅಮ್ಮ. "ನನಗೆ ಎಟುಕ್ತದೆ."

ಆ ಬೈಕು ಇದ್ದಷ್ಟು ವರ್ಷವೂ ಅಪ್ಪ ಬೆರಳು ಮಡಚಿಕೊಂಡೇ ಅದನ್ನು ಓಡಿಸಿದರು.

ಈಗ ಹಟ್ಟಿಯಲ್ಲಿ ದನಗಳಿಲ್ಲ. ಬೈಕಿನ ಬದಲಿಗೆ ಕ್ಲಚ್ಚೇ ಇಲ್ಲದ ಸ್ಕೂಟರ್ ಬಂದಿದೆ, ಬಾಗಿದ ಲಿವರ್ ಯಾವ ಗುಜರಿ ಸೇರಿತೋ. ಅಕ್ಕಿ ಪೆಟ್ಟಿಗೆಗೆ ಬೀಗವಿಲ್ಲ, ಬೀಗ ಹಾಕುತ್ತಿದ್ದ ಅಜ್ಜಿಯೂ ಇಲ್ಲ. ನಾನು ಪುತ್ತೂರಿನಲ್ಲಿ ಕೆಲಸ ಮಾಡುತ್ತೇನೆ. ಕಬಕದಿಂದ ದಿನವೂ ನನ್ನದೇ ಬೈಕಿನಲ್ಲಿ ಓಡಾಡುತ್ತೇನೆ, ಕೆಲವೊಮ್ಮೆ ಬೀಳಿಸುತ್ತೇನೆ, ಯಾರಿಗೂ ಕಾರಣ ಹೇಳುವುದಿಲ್ಲ. ಇದನ್ನು ನಾನು ಉಳಿಸಿಕೊಂಡಿದ್ದೇನೆ. ಇನ್ನೊಂದನ್ನು ಉಳಿಸಿಕೊಳ್ಳಲಿಲ್ಲ. ಮೊನ್ನೆ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಪ್ಯಾಕೆಟ್ ಹಾಲು ಉಕ್ಕಿ ನೆಲಕ್ಕೆ ಬಿತ್ತು. ಬಟ್ಟೆ ಹಾಕಿ ಕಾಲಿನಿಂದಲೇ ಒರೆಸಿದೆ. ಅರ್ಧ ಒರೆಸಿದ ಮೇಲೆ ನನ್ನ ಕಾಲು ನನಗೆ ಕಂಡಿತು. ಹಾಲು ಕಂಡು ತಾನಾಗಿ ಹಿಂದೆ ಸರಿಯುವ ಕಾಲು ನಮ್ಮ ಮನೆಯಲ್ಲಿ ಇನ್ನು ಅಮ್ಮನದ್ದು ಮಾತ್ರ.

ಕಳೆದ ಸಲ ಊರಿಗೆ ಹೋದಾಗ ಅಂಗಳದ ಅಂಚಿನಲ್ಲಿ ಸ್ಕೂಟರ್ ಬಿದ್ದಿತ್ತು. ಅಮ್ಮ ಅದರ ಪಕ್ಕ ನಿಂತಿದ್ದಳು. ಅವಳ ಮೊಣಕಾಲು ಈಗ ಕುಕ್ಕರುಗಾಲಿಗೆ ಒಗ್ಗುವುದಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ, ಯಾರನ್ನೂ ಕರೆದಿರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, "ಎತ್ಲಿಕ್ಕೆ ಬರ್ಬೇಕಾ ಅಕ್ಕಾ?" ಎಂದರು.

"ಬೇಡ" ಎಂದಳು ಅಮ್ಮ, ಅವರ ಕಡೆ ತಿರುಗದೆ.

ನನ್ನನ್ನು ಕಂಡು ಅವಳು ಮೆಲ್ಲಗೆ ಸ್ಕೂಟರನ್ನು ಸುತ್ತಿ ಆಚೆ ಬದಿಗೆ ಹೋದಳು. ಬಗ್ಗಿ ಬ್ರೇಕ್ ಹಿಡಿದಳು.

"ಬೆನ್ನು ಕೊಡು ಪುಟ್ಟಿ" ಎಂದಳು.

ನಾನು ಚಪ್ಪಲಿ ಕಳಚಿ ಕುಳಿತೆ. ಬಿಡ್ಬೇಡ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.